ಚೀಟಿಯಲ್ಲಿ ನಾಡಿ ಎಪ್ಪತ್ತೆಂಟು

ಗಟ್ಟಿಮುಟ್ಟಾಗಿರುವವರನ್ನು ಹಿಡಿದು ತಂದು ರೋಗಿಗಳನ್ನಾಗಿ ಮಾಡುವುದು ನನ್ನ ಕೆಲಸವಾಗಿತ್ತು. ಅದಕ್ಕೆ ನನಗೆ ಸಂಬಳವನ್ನೂ ಕೊಡುತ್ತಿದ್ದರು. ಹಳದೀಪುರದಲ್ಲಿ ಬಸ್ಸಿಳಿದು ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ರೋಗಿ ಮಾಸ್ತರರ ಮನೆ’ ಎಂದರೆ ಗೇಟಿನವರೆಗೂ ತಂದು ಬಿಡುತ್ತಾರೆ.

ಹೋದ ವಾರ ಹಾಗೆ ಬಂದವರು ಇಬ್ಬರು ಹುಡುಗಿಯರು. ನನ್ನ ಕೆಲಸಕ್ಕೆ ಹೊಸದಾಗಿ ಸೇರಿದವರು. ‘ಕೆಲಸ ನಿಜವಾಗಿ ಹೇಗಿರುತ್ತದೆ ಸರ್?’ ಎಂದು ಕೇಳಿದರು. ನಾನು ಶುರುಮಾಡಿದೆ. ಚಹಾ ಆರಿತು, ಎರಡನೇ ಸಲ ಕಾಸಿದ್ದೂ ಆರಿತು. ಅವರು ಹೋದ ಮೇಲೆ ಏನೋ ಅನುಮಾನ ಬಂದು ಹಳೆಯ ದಿನಚರಿ ತೆಗೆದು ನೋಡಿದರೆ, ಹೇಳಿದ್ದರಲ್ಲಿ ಮೂರು ಸಂಗತಿ ಸುಳ್ಳು. ಮೂರೂ ಕಥೆಯನ್ನೋ ನನ್ನನ್ನೋ ದೊಡ್ಡದು ಮಾಡುವ ಸುಳ್ಳುಗಳು! ಬೇಕೆಂದು ಹೇಳಿದ್ದಲ್ಲ. ವರ್ಷಗಟ್ಟಲೆ ಹೇಳಿ ಹೇಳಿ ನೆನಪೇ ಹಾಗಾಗಿಬಿಟ್ಟಿದೆ. ಆದ್ದರಿಂದ ಆ ಹುಡುಗಿಯರಿಗಾಗಿ ಇದನ್ನು ದಿನಚರಿ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನೆಂದು ಹೇಳಬೇಕು. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯೂ ನಮ್ಮ ಕಡೆಯ ಒಂದು ವೈದ್ಯಕೀಯ ಕಾಲೇಜೂ ಸೇರಿ, ಎಂ.ಬಿ.ಬಿ.ಎಸ್. ಮುಗಿಸಿದ ಎಳೆಯ ಡಾಕ್ಟರರಿಗೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಎರಡು ವರ್ಷ ತರಬೇತಿ ಕೊಡುತ್ತಿದ್ದವು. ಅವರು ಇಲ್ಲಿನ ದವಾಖಾನೆಗಳಲ್ಲಿ ಕೆಲಸ ಮಾಡಬೇಕು, ವಾರಕ್ಕೆರಡು ಸಲ ಕಂಪ್ಯೂಟರ್ ಪರದೆಯಲ್ಲಿ ಅಲ್ಲಿನ ಪ್ರಾಧ್ಯಾಪಕರ ಪಾಠ ಕೇಳಬೇಕು, ಕೊನೆಗೆ ಪರೀಕ್ಷೆ. ಪರೀಕ್ಷೆಯ ಒಂದು ಭಾಗ, ರೋಗಿಯ ಜೊತೆ ಎಂಟು ನಿಮಿಷ. ಪ್ರತಿ ಡಾಕ್ಟರಿಗೂ ಒಂದೇ ಬಗೆಯ ರೋಗಿ ಸಿಗಬೇಕು, ಒಂದೇ ದೂರು ಹೇಳಬೇಕು. ನಿಜವಾದ ರೋಗಿಗಳು ಅಷ್ಟು ಶಿಸ್ತಿನವರಲ್ಲ. ಅದಕ್ಕೇ ನಟಿಸುವ ರೋಗಿಗಳು ಬೇಕು. ಅವರನ್ನು ಹುಡುಕಿ, ದೂರನ್ನು ಬಾಯಿಪಾಠ ಮಾಡಿಸಿ, ಪರೀಕ್ಷೆಯ ದಿನ ಮೂಲೆಯಲ್ಲಿ ಕೂತು ಡಾಕ್ಟರು ಹೇಗೆ ಮಾತಾಡಿದರು ಎಂದು ಹತ್ತು ಸಾಲಿನ ಪಟ್ಟಿಯಲ್ಲಿ ಅಂಕ ಹಾಕುವವನು ನಾನು. ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಬಹಳ ವರ್ಷ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಧೈರ್ಯ ಹೇಳುತ್ತಿದ್ದವನಿಗೆ ಕೊನೆಯ ಒಂಬತ್ತು ವರ್ಷ ರೋಗ ಹಂಚುವ ಭಾಗ್ಯ ಬಂತು.

ಜನ ಸಿಗುವುದು ಕಷ್ಟವಾಗಲಿಲ್ಲ. ತದಡಿಯ ಒಣಮೀನಿನ ಮಾದೇವಕ್ಕ ಬಂದಳು. ಬುಟ್ಟಿ ಹೊತ್ತು ಊರೂರು ತಿರುಗಿ, ಎದುರಿಗಿದ್ದವರ ಮುಖ ನೋಡಿಯೇ ಅವರ ಮನೆಯಲ್ಲಿ ನಿನ್ನೆ ಏನು ಸಾರು ಎಂದು ಹೇಳುವಂಥವಳು. ಬಸ್ ಕಂಡಕ್ಟರನಾಗಿ ನಿವೃತ್ತನಾದ ನಮ್ಮೂರಿನ ಈಶ್ವರ ನಾಯ್ಕ ಬಂದ. ಭಟ್ಕಳದಿಂದಲೂ ಕೆಲವರು ಬಂದರು, ಎರಡು ಭಾಷೆಯಲ್ಲಿ ಕೆಮ್ಮಬಲ್ಲವರು. ಕಷ್ಟ ಶುರುವಾದದ್ದು ಹೊನ್ನಾವರದ ದವಾಖಾನೆಯ ಮಾಳಿಗೆಯಲ್ಲಿ ಅಭ್ಯಾಸ ಶುರುವಾದ ಮೇಲೆ.

‘ನಂಗೆ ಸಕ್ರೆ ಕಾಯ್ಲೆ ಇತ್ತು ಹೇಳಿ ನನ್ ಬಾಯಲ್ಲೇ ಹೇಳೂದಾ?’ ಎಂದಳು ಮಾದೇವಕ್ಕ. ‘ಆಗೂದಿಲ್ಲ ಮಾಸ್ತರೇ. ಅಸ್ತು ಅನ್ನೂ ದೇವತೆ ಮಾಡಿನ ಮೇಲೇ ಕೂತಿರ್ತದೆ. ನಾ ಹೇಳೂದು, ಅದು ಅಸ್ತು ಅನ್ನೂದು. ಆಮೇಲೆ ನೀವು ಬಂದು ಸೂಜಿ ಚುಚ್ತ್ರಾ?’

ಗುಂಪೆಲ್ಲ ಅವಳ ಕಡೆ ಆಯಿತು. ಗಂಡ ತೀರಿಕೊಂಡ ಮೇಲೆ ನಿದ್ದೆ ಬರುವುದಿಲ್ಲ ಎಂದು ಹೇಳಬೇಕಾಗಿದ್ದ ಹೆಂಗಸು, ‘ನಮ್ಮನೆಯವ್ರು ಗಟ್ಟಿ ಇದ್ರು, ಈಗ ಕೆಳಗೇ ಚಾ ಕುಡೀತಾ ಕೂತಿದ್ರು’ ಎಂದು ಎದ್ದು ನಿಂತಳು. ಈಶ್ವರ ನಾಯ್ಕ ತನ್ನ ಕೆಮ್ಮನ್ನು ಪಕ್ಕದ ಮನೆಯವನಿಗೆ ವರ್ಗಾಯಿಸಬಹುದೇ ಎಂದು ಕೇಳಿದ. ನಾನು ಎರಡು ದಿನ ವಿಜ್ಞಾನ ಹೇಳಿದೆ. ಮೂರನೇ ದಿನ ಮಾದೇವಕ್ಕನೇ ದಾರಿ ಮಾಡಿದಳು. ಸೆರಗಿನ ಗಂಟಿನಲ್ಲಿ ಉಪ್ಪು ಮತ್ತು ಒಣಮೆಣಸು ತಂದಿದ್ದಳು. ರೋಗ ಹೇಳುವುದೆಲ್ಲ ರೋಗಿಯ ಕುರ್ಚಿಯ ಮೇಲೆ ಕೂತಿರುವಾಗ ಮಾತ್ರ. ಎದ್ದ ಕೂಡಲೇ ಬಾಗಿಲಲ್ಲಿ ಅವಳು ಒಬ್ಬೊಬ್ಬರ ಮುಖಕ್ಕೂ ಮೂರು ಸುತ್ತು ನಿವಾಳಿಸಿ ಉಪ್ಪು ಮೆಣಸನ್ನು ಕಾಗದದಲ್ಲಿ ಕಟ್ಟುವಳು. ಸಂಜೆ ಅವಳು ದೋಣಿಯಲ್ಲಿ ತದಡಿಗೆ ದಾಟುವಾಗ ಎಲ್ಲರ ರೋಗವೂ ಅಘನಾಶಿನಿ ಹೊಳೆಗೆ.

ಪ್ರೊಫೆಸರ್ ಐಲೀನ್ ಇದನ್ನು ಮೊದಲು ನೋಡಿದ ದಿನ ನನ್ನ ಕೆಲಸ ಹೋಯಿತೆಂದುಕೊಂಡೆ. ಇಡೀ ತರಬೇತಿಯ ಮುಖ್ಯಸ್ಥೆ ಅವರು. ವರ್ಷಕ್ಕೆರಡು ಸಲ ವಿಮಾನ, ರೈಲು, ಆಟೋ ಹತ್ತಿ ಬಂದು ಹೊನ್ನಾವರದ ನಮ್ಮ ಮಾಳಿಗೆಯಲ್ಲಿ ಗಂಟೆ ಹಿಡಿದು ಕೂರುವ, ಒಂದು ಸೆಕೆಂಡೂ ಬಿಟ್ಟುಕೊಡದ ಹೆಂಗಸು. ಬೆಳಗಿನ ಹೊತ್ತಲ್ಲಿ ಅವರೇ ಒಂದು ಸಲ ರೋಗಿಯಾಗಿ ಕೂತು ಮಾದರಿ ತೋರಿಸಿದ್ದರು. ಎದ್ದು ಹೊರಟವರನ್ನು ಮಾದೇವಕ್ಕ ಬಾಗಿಲಲ್ಲಿ ಅಡ್ಡಗಟ್ಟಿ, ‘ನಿಲ್ಲಿ ಅಮಾ, ನಿಮ್ಗೆ ಊರಿಗೆ ಹೋಪ್ದು ಇತ್ತಲ, ರೋಗ ತಕಂಡು ವಿಮಾನ ಹತ್ತೂದು ಬ್ಯಾಡ’ ಎಂದು ಮುಖಕ್ಕೆ ಉಪ್ಪು ನಿವಾಳಿಸಿಯೇಬಿಟ್ಟಳು. ಪ್ರೊಫೆಸರ್ ಕಣ್ಣು ಮುಚ್ಚಿ ನಿಂತರು. ಆಮೇಲೆ ನನಗೆ ಹೇಳಿದರು: ನಟಿಸಿದ ರೋಗವನ್ನು ಮನಸ್ಸಿನಿಂದ ಇಳಿಸಿಯೇ ಮನೆಗೆ ಕಳಿಸಬೇಕೆಂದು ನಮ್ಮ ಕೈಪಿಡಿಯಲ್ಲೂ ಒಂದು ಅಧ್ಯಾಯವಿದೆ, ಆದರೆ ನಾವು ಅದಕ್ಕೆ ಇಪ್ಪತ್ತು ನಿಮಿಷ ಮಾತಾಡಿಸುತ್ತೇವೆ, ಈಕೆಗೆ ಹತ್ತು ಸೆಕೆಂಡು ಸಾಕಾಯಿತು.

ಇದು ದಿನಚರಿಯಲ್ಲಿಯೂ ಹಾಗೆಯೇ ಇದೆ. ಹಾಗಾಗಿ ನಿಜವಿರಬೇಕು.

ಪ್ರಮಾದಗಳಿಗೆ ಲೆಕ್ಕವಿಲ್ಲ. ಪಟ್ಟಿಯ ಮೊದಲ ಸಾಲು ‘ತನ್ನ ಹೆಸರು ಹೇಳಿದರೇ?’ ಎರಡನೆಯದು ‘ನಿಮ್ಮನ್ನು ಏನೆಂದು ಕರೆಯಲಿ ಎಂದು ಕೇಳಿದರೇ?’ ಒಬ್ಬ ಹುಡುಗ ಕೈಕಟ್ಟಿ ನಿಂತು ಮಾದೇವಕ್ಕನನ್ನು ಹಾಗೆ ಕೇಳಿದಾಗ ಅವಳು ಬಾಯಿಪಾಠ ಮರೆತು, ‘ಊರೆಲ್ಲಾ ಏ ಮಾದೇವಿ ಹೇಳೂದು. ನೀನೂ ಹಾಗೇ ಕರಿ. ಆದ್ರೆ ಮೀನು ಕೇಳ್ಬ್ಯಾಡ, ಇವತ್ತು ತಂದಿಲ್ಲ’ ಎಂದಳು. ಈಶ್ವರ ನಾಯ್ಕನ ತೊಂದರೆ ಬೇರೆ. ಅವನಿಗೆ ಡಾಕ್ಟರರು ನಪಾಸಾಗುವುದನ್ನು ನೋಡಲಾಗುತ್ತಿರಲಿಲ್ಲ. ತಿಂಗಳ ಕೆಮ್ಮು ಎಂದು ಹೇಳಿ ಸುಮ್ಮನಿರಬೇಕಾದವನು, ಎಂಟು ನಿಮಿಷ ಮುಗಿಯುತ್ತ ಬಂದರೂ ಹುಡುಗಿ ಕೇಳಬೇಕಾದ್ದನ್ನು ಕೇಳದಿದ್ದಾಗ ಮುಂದೆ ಬಗ್ಗಿ ಪಿಸುಗುಟ್ಟಿದ: ‘ಡಾಕ್ಟ್ರೇ, ಕಫದಲ್ಲಿ ರಕ್ತ ಬತ್ತದಾ ಹೇಳಿ ಕೇಳೂದು ಬಾಕಿ ಇತ್ತು.’ ಬೈದರೆ, ‘ಸರ್ವೀಸಿನಲ್ಲಿ ಒಬ್ಬ ಪ್ಯಾಸೆಂಜರನ್ನೂ ಬಿಟ್ಟು ಹೋದವ ಅಲ್ಲ ಮಾರಾಯ್ರೆ ನಾನು. ಆ ಕೂಸು ಕೈ ಅಡ್ಡ ಹಿಡಿದು ನಿಂತಂಗೆ ಕಾಣ್ತಿತ್ತು’ ಎಂದ.

ಈಗ ಚೀಟಿಯ ವಿಷಯ. ಇದು ನನ್ನದೇ ಬುದ್ಧಿ. ಆಗ ಹೆಮ್ಮೆಯಿತ್ತು.

ಎಂಟು ನಿಮಿಷದಲ್ಲಿ ಡಾಕ್ಟರು ನಾಡಿ ಎಣಿಸಿ, ರಕ್ತದೊತ್ತಡ ನೋಡಿ, ಮಾತೂ ಆಡಲು ಸಮಯ ಸಾಲುತ್ತಿರಲಿಲ್ಲ. ಮೇಲಾಗಿ ಗಟ್ಟಿಯಿದ್ದವರ ನಾಡಿ ಎಣಿಸಿ ಸಿಗುವುದೇನು? ನಾನು ಒಂದು ಪದ್ಧತಿ ಮಾಡಿದೆ. ಡಾಕ್ಟರು ರೋಗಿಯ ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಸಾಕು, ರೋಗಿ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ನಾಡಿ, ಒತ್ತಡ ಎಲ್ಲ ಬರೆದಿರುತ್ತದೆ. ಓದಿ ಮುಂದೆ ಹೋಗುವುದು. ಪ್ರೊಫೆಸರಿಗೂ ಹಿಡಿಸಿತು. ಪಟ್ಟಿಯ ಏಳನೇ ಸಾಲು ಹಾಗೆ ಹುಟ್ಟಿತು: ‘ಚೀಟಿ ಓದಿ ಮುಂದುವರಿದರೇ?’

ಎಲ್ಲರೂ ಮುಂದುವರಿದರು, ಸವಿತಾ ಒಬ್ಬಳನ್ನು ಬಿಟ್ಟು.

ಡಾಕ್ಟರ್ ಸವಿತಾ ಭಟ್ಕಳ ತಾಲೂಕಿನ ತೆಂಗಿನಗುಂಡಿಯವಳು, ಅಪ್ಪ ದೋಣಿಗೆ ಹೋಗುವವನು. ದವಾಖಾನೆಯಲ್ಲಿ ಅವಳ ಬಾಗಿಲ ಮುಂದೆಯೇ ಉದ್ದ ಸಾಲು. ಆದರೆ ಪರೀಕ್ಷೆಯ ಕೋಣೆಗೆ ಬಂದರೆ ಹೆಸರು ಹೇಳುವುದನ್ನು ಮರೆಯುತ್ತಿದ್ದಳು, ನೇರ ಹತ್ತಿರ ಹೋಗಿ ‘ಎಂತ ಆತು ಅಕ್ಕಾ?’ ಎಂದು ಕೈ ಹಿಡಿಯುತ್ತಿದ್ದಳು. ರೋಗಿ ಚೀಟಿ ಚಾಚಿದರೆ ನೋಡುತ್ತಲೇ ಇರಲಿಲ್ಲ. ಗೋಡೆ ಗಡಿಯಾರದ ಮೇಲೆ ಕಣ್ಣಿಟ್ಟು ಒಂದು ಪೂರ್ತಿ ನಿಮಿಷ ನಾಡಿ ಎಣಿಸುವಳು. ಗಂಟೆ ಹೊಡೆಯುವಾಗ ಪಟ್ಟಿಯ ನಾಲ್ಕು ಸಾಲು ಬಾಕಿ. ಎರಡು ಸಲ ನಪಾಸು. ಎರಡು ಸಲವೂ ಅಂಕ ಹಾಕಿದವನು ನಾನೇ.

‘ಚೀಟಿ ಓದೇ ಮಾರಾಯ್ತಿ’ ಎಂದು ಅವಳಿಗೆ ಎಷ್ಟು ಸಲ ಹೇಳಿದೆನೋ.

‘ಓದ್ತೆ ಸರ್. ಆದ್ರೆ ಕೈ ಕೈಯಲ್ಲಿ ಇರುವಾಗ ಚೀಟಿ ಯಾಕೆ ನೋಡೂದು ಹೇಳಿ ಮರ್ತು ಹೋಗ್ತದೆ.’

ನಿಯಮದ ಪ್ರಕಾರ ಮೂರೇ ಅವಕಾಶ. ಮೂರನೆಯದೂ ಹೋದರೆ ಪ್ರಮಾಣಪತ್ರವಿಲ್ಲ, ಎರಡು ವರ್ಷ ನೀರಿಗೆ. ತೆಂಗಿನಗುಂಡಿಯ ಹತ್ತಿರ ಹೊಸದಾಗಿ ತೆರೆಯಲಿದ್ದ ದವಾಖಾನೆಯ ಕೆಲಸ ಆ ಪ್ರಮಾಣಪತ್ರ ಇದ್ದವರಿಗೆ ಮಾತ್ರ. ಅವಳು ಬೇರೆ ಎಲ್ಲೂ ಅರ್ಜಿ ಹಾಕಿರಲಿಲ್ಲ.

ಆ ಮೂರನೇ ಪರೀಕ್ಷೆಯ ದಿನ ಜೋರು ಮಳೆಯಿತ್ತು ಎಂದು ನಾನು ಆ ಹುಡುಗಿಯರಿಗೆ ಹೇಳಿದ್ದೆ. ದಿನಚರಿ ಹೇಳುತ್ತದೆ: ‘ವಿಪರೀತ ಸೆಕೆ. ಫ್ಯಾನು ಕೆಟ್ಟಿದೆ.’ ಇದು ಸುಳ್ಳು ನಂಬರ್ ಒಂದು.

ಗಂಟೆ ಹಿಡಿದು ಪ್ರೊಫೆಸರ್ ಕೂತಿದ್ದರು. ಅಂದಿನ ರೋಗಿ ಮಾದೇವಕ್ಕ. ರೋಗ, ತಲೆಸುತ್ತು. ಒತ್ತಡದ ಗುಳಿಗೆಯನ್ನು ಯಾರಿಗೂ ಹೇಳದೆ ಬಿಟ್ಟ ಹೆಂಗಸಿನ ಪಾತ್ರ. ಎರಡು ತಿಂಗಳಿಂದ ಅವಳಿಗೇ ಆ ಪಾತ್ರ ಕೊಡುತ್ತಿದ್ದೆ, ಯಾಕೆಂದರೆ ಅಷ್ಟು ಚೆನ್ನಾಗಿ ತಲೆ ಸುತ್ತಿಸಿಕೊಳ್ಳುವವರು ಮೂರು ತಾಲೂಕಿನಲ್ಲಿ ಬೇರೆ ಇರಲಿಲ್ಲ. ಕುರ್ಚಿಯಿಂದ ಏಳುವಾಗ ಗೋಡೆ ಹಿಡಿಯುವುದೇನು, ಮಾತಿನ ನಡುವೆ ಒಂದು ಕ್ಷಣ ಕಣ್ಣು ಎಲ್ಲೋ ಹೋಗುವುದೇನು! ದಿನಚರಿಯಲ್ಲಿ ಮೂರು ಕಡೆ ಬರೆದಿದ್ದೇನೆ. ‘ಮಾದೇವಕ್ಕನ ತಲೆಸುತ್ತು ಇಂದು ಬಹಳ ಸಹಜ.’ ‘ಮಾದೇವಕ್ಕನ ತಲೆಸುತ್ತು ಇನ್ನೂ ಸುಧಾರಿಸಿದೆ.’ ಮೂರನೆಯದಕ್ಕೆ ಅಡಿಗೆರೆ ಬೇರೆ: ‘ಅದ್ಭುತ.’ ಇದನ್ನು ಈಗ ಓದಿದರೆ ನಗು ಬರುತ್ತದೆ, ನಗುತ್ತಿರುವಾಗಲೇ ಆ ಪುಟ ಮಗುಚಿಬಿಡುತ್ತೇನೆ.

ಮೊದಲು ಬಂದ ನಾಲ್ವರು ಡಾಕ್ಟರರು ಮಣಿಕಟ್ಟಿನ ಮೇಲೆ ಬೆರಳಿಟ್ಟರು, ಚೀಟಿ ತೆಗೆದುಕೊಂಡರು, ‘ನಾಡಿ ಎಪ್ಪತ್ತೆಂಟು’ ಎಂದು ಗಟ್ಟಿಯಾಗಿ ಓದಿದರು, ಮುಂದೆ ಹೋದರು. ನಾಲ್ವರೂ ಪಾಸು. ಐದನೆಯವಳು ಸವಿತಾ.

ಹೆಸರು ಹೇಳಿದಳು. ಏನೆಂದು ಕರೆಯಲಿ ಎಂದು ಕೇಳಿದಳು. ಮುಟ್ಟಿ ನೋಡಬಹುದೇ ಎಂದು ಅಪ್ಪಣೆ ಕೇಳಿದಳು. ನನಗೆ ಕುಣಿಯುವಷ್ಟು ಖುಷಿ. ಆರು ಸಾಲಿಗೂ ಗುರುತು ಹಾಕಿ ಮೂಲೆಯಲ್ಲಿ ಕುರ್ಚಿಯ ತುದಿಗೆ ಬಂದಿದ್ದೆ. ಮಣಿಕಟ್ಟು ಹಿಡಿದಳು. ಮಾದೇವಕ್ಕ ಚೀಟಿ ಚಾಚಿದಳು. ಸವಿತಾ ಅದನ್ನು ತೆಗೆದುಕೊಂಡಳು. ಓದದೆ ಮೇಜಿನ ಮೇಲೆ ಇಟ್ಟಳು. ಕಣ್ಣು ಗೋಡೆ ಗಡಿಯಾರಕ್ಕೆ ಹೋಯಿತು.

ಒಂದು ನಿಮಿಷ ಆಯಿತು. ಬಿಡಲಿಲ್ಲ. ಮತ್ತೊಂದು ನಿಮಿಷ. ಮಾದೇವಕ್ಕ ಕಣ್ಣಲ್ಲೇ ಚೀಟಿ ತೋರಿಸಿದಳು, ಹುಬ್ಬು ಹಾರಿಸಿದಳು, ಕೊನೆಗೆ ಕೆಮ್ಮಿದಳು.

‘ಅಕ್ಕಾ, ಇದು ಪರೀಕ್ಷೆಯದ್ದಲ್ಲ’ ಎಂದಳು ಸವಿತಾ.

‘ಪರೀಕ್ಷೆದೇ ಮಗಾ. ಮಾಸ್ತರು ಹೇಳ್ಕೊಟ್ಟದ್ದು. ನೀ ಚೀಟಿ ಓದು, ಹೊತ್ತು ಹೋಗ್ತದೆ.’

‘ಚೀಟಿಯಲ್ಲಿ ಎಷ್ಟೇ ಇರ್ಲಿ. ನಿಮ್ಮ ಕೈಯಲ್ಲಿ ಮೂವತ್ತಾರು.’ ಅವಳು ತಿರುಗಿ ಪ್ರೊಫೆಸರನ್ನು ನೋಡಿದಳು. ‘ನಾನು ಪರೀಕ್ಷೆ ನಿಲ್ಲಿಸ್ತಿದ್ದೇನೆ ಮೇಡಮ್. ಇವರಿಗೆ ಈಗಲೇ ಇ.ಸಿ.ಜಿ. ಆಗಬೇಕು.’

ನಟನೆಯ ನಡುವೆ ಪರೀಕ್ಷೆ ನಿಲ್ಲಿಸಿದವರಿಗೆ ಸೊನ್ನೆ. ಅದು ಅವಳಿಗೆ ಗೊತ್ತಿತ್ತು, ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆ ಕ್ಷಣದಲ್ಲಿ ನಾನೇ ಎದ್ದು ‘ನಿಲ್ಲಿಸಿ!’ ಎಂದೆ, ಪಟ್ಟಿಯನ್ನು ಹರಿದು ಬಿಸಾಡಿದೆ ಎಂದು ಆ ಹುಡುಗಿಯರಿಗೆ ಹೇಳಿದ್ದೆ. ಸುಳ್ಳು ನಂಬರ್ ಎರಡು. ಪಟ್ಟಿ ದಿನಚರಿಯಲ್ಲಿ ಅಂಟಿಕೊಂಡು ಕೂತಿದೆ. ಏಳನೇ ಸಾಲಿನ ಎದುರು, ಅವಳು ಎರಡನೇ ನಿಮಿಷ ಎಣಿಸುತ್ತಿದ್ದಾಗ, ನನ್ನ ಕೈಬರಹದಲ್ಲಿ ಬರೆದದ್ದು: ‘ಇಲ್ಲ. ಮತ್ತದೇ ಹಠ.’

ಕೆಳಗಿನ ದವಾಖಾನೆಯಲ್ಲಿ ಇ.ಸಿ.ಜಿ. ತೆಗೆದರು. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗಬೇಕಾದ ಸಂದೇಶವೇ ಹೋಗುತ್ತಿಲ್ಲ, ಕೆಳಗಿನದು ತನ್ನ ಪಾಡಿಗೆ ನಿಧಾನವಾಗಿ ಬಡಿಯುತ್ತಿದೆ ಎಂದು ಪ್ರೊಫೆಸರ್ ವಿವರಿಸಿದರು. ಒಂದು ಪೇಸ್‌ಮೇಕರ್ ಕೂರಿಸಿದರೆ ಸರಿಯಾಗುತ್ತದೆ, ಆದರೆ ಇಂದೇ ಮಂಗಳೂರಿಗೆ ಹೋಗಬೇಕು, ತಡಮಾಡಿದರೆ ಎಲ್ಲೋ ಒಂದು ಕಡೆ ಬಿದ್ದು ಏಳದೆ ಹೋಗಬಹುದು.

‘ಎರಡು ತಿಂಗಳಿಂದ ತಲೆ ತಿರುಗ್ತಿತ್ತು, ಯಾರಿಗೂ ಹೇಳಲಿಲ್ಲ ಯಾಕೆ ನೀನು?’ ಎಂದು ನಾನು ಕಿರುಚಿದೆನಂತೆ. ಕಿರುಚಿದ್ದು ದಿನಚರಿಯಲ್ಲಿಲ್ಲ. ಈಶ್ವರ ನಾಯ್ಕ ಹೇಳುವುದು.

ಮಾದೇವಕ್ಕ ಸಣ್ಣ ಮುಖ ಮಾಡಿದಳು. ‘ಎಲ್ರದ್ದೂ ನಾ ತೆಗೂದು. ನಂದು ಯಾರು ತೆಗೀಬೇಕು ಮಾಸ್ತರೇ? ತಮ್ಮದು ತಾವೇ ನಿವಾಳ್ಸೂಕೆ ಬರೂದಿಲ್ಲ. ಕುರ್ಚಿ ಮೇಲಿನ ರೋಗ ನಂಗೆ ಅಂಟ್ಕಂತು ಅಂದ್ಕಂಡೆ. ಹೇಳಿದ್ರೆ ಉಳಿದವ್ರು ಹೆದ್ರಿ ಬರೂದಿಲ್ಲ, ನಿಮ್ ಪರೀಕ್ಷೆ ನಿಂತು ಹೋಗ್ತದೆ.’

ಅಷ್ಟು ವರ್ಷ ಅವಳು ಎಲ್ಲರಿಗೂ ನಿವಾಳಿಸಿದ್ದನ್ನು ನೋಡಿದ್ದೆ. ಅವಳಿಗೆ ಯಾರೂ ನಿವಾಳಿಸದಿದ್ದುದನ್ನು ನೋಡಿರಲಿಲ್ಲ.

ಪ್ರೊಫೆಸರ್ ಐದು ನಿಮಿಷದಲ್ಲಿ ತೀರ್ಮಾನ ಕೊಟ್ಟರು. ರೋಗಿ ನಿಜವಾಗಿ ರೋಗಿಯಾಗಿದ್ದರಿಂದ ಬೆಳಗಿನ ಪರೀಕ್ಷೆ ಐವರಿಗೂ ರದ್ದು. ಸೊನ್ನೆಯೂ ರದ್ದು, ಪಾಸೂ ರದ್ದು. ಮಧ್ಯಾಹ್ನ ಎರಡಕ್ಕೆ ಈಶ್ವರ ನಾಯ್ಕನನ್ನು ರೋಗಿಯಾಗಿಟ್ಟು ಮತ್ತೆ. ಯಾರು ಆ ಹೊತ್ತಿಗೆ ಇಲ್ಲವೋ ಅವರು ಗೈರುಹಾಜರಿ. ನ್ಯಾಯವಾದ ಮಾತು. ಆದರೆ ಆಗ ಹನ್ನೆರಡೂವರೆ, ಆಂಬುಲೆನ್ಸ್ ಬಾಗಿಲಲ್ಲಿ, ಮತ್ತು ಮಾದೇವಕ್ಕ ಸವಿತಾಳ ಕೈ ಬಿಡುತ್ತಿಲ್ಲ.

‘ನೀನು ಇರು, ನರ್ಸ್ ಹೋಗ್ತಾಳೆ’ ಎಂದೆ.

‘ದಾರಿಯಲ್ಲಿ ನಾಡಿ ಇನ್ನೂ ಇಳಿದ್ರೆ?’ ಎಂದಳು ಸವಿತಾ. ನನ್ನ ಉತ್ತರಕ್ಕೆ ಕಾಯಲಿಲ್ಲ. ಹತ್ತಿದಳು.

ಮೂರನೇ ಅವಕಾಶ ಆಂಬುಲೆನ್ಸ್ ಹತ್ತಿ ಹೋಗುತ್ತಿರುವುದನ್ನು ನಾನು ನೋಡುತ್ತ ನಿಂತಿದ್ದೆ, ಕೈಯಲ್ಲಿ ಖಾಲಿ ಪಟ್ಟಿಗಳ ಕಟ್ಟು. ಆಗ ನಾನು ಮಾಡಿದ್ದನ್ನು ದಿನಚರಿ, ಈಶ್ವರ ನಾಯ್ಕ, ಡ್ರೈವರ್ ಮೂವರೂ ಒಪ್ಪುತ್ತಾರೆ. ಅರವತ್ತು ಹತ್ತಿರವಾಗಿದ್ದ ಮನುಷ್ಯ ಹಾರಿ ಹತ್ತಿದೆ! ಹತ್ತುತ್ತ ಪ್ರೊಫೆಸರಿಗೆ ಕೂಗಿದೆ: ರೋಗಿ ಇಲ್ಲಿದ್ದಾಳೆ, ಡಾಕ್ಟರ್ ಇಲ್ಲಿದ್ದಾಳೆ, ಪಟ್ಟಿ ನನ್ನ ಕೈಯಲ್ಲಿದೆ, ಪರೀಕ್ಷೆ ಇಲ್ಲೇ ಮಾಡುತ್ತೇನೆ! ಅವರು ಏನೋ ಉತ್ತರಿಸಿದರು. ಬಾಗಿಲು ಮುಚ್ಚಿತ್ತು. ಮಾದೇವಕ್ಕನ ನಾಡಿಯಲ್ಲೇ ಮುಳುಗಿದ್ದ ಸವಿತಾಳ ಕಿವಿಗೆ ಇದ್ಯಾವುದೂ ಬಿದ್ದಿರಲಿಲ್ಲ. ಅವರ ಫೋನು ಬಂದದ್ದು ಶರಾವತಿ ಸೇತುವೆಯ ಮೇಲೆ. ‘ಅವಳಿಗೆ ಹೇಳಬೇಡಿ. ಎಂಟು ನಿಮಿಷ. ಏಳನೇ ಸಾಲು ಹೊಡೆದುಹಾಕಿ’ ಎಂದರು. ಒಂದು ಸೆಕೆಂಡೂ ಬಿಟ್ಟುಕೊಡದ ಹೆಂಗಸು ಎಂದು ಮೇಲೆ ಬರೆದಿದ್ದೇನೆ. ಬಿಟ್ಟುಕೊಡಲಿಲ್ಲ, ಎಂಟು ನಿಮಿಷ ಎಂದೇ ಹೇಳಿದರು.

ಸೂಜಿಮದ್ದು ಕೊಟ್ಟ ಮೇಲೆ ನಾಡಿ ನಲವತ್ತಕ್ಕೆ ಬಂದಿತ್ತು. ಮಾದೇವಕ್ಕ ಮಲಗಿದ್ದಳು. ಮಂಕಿ ದಾಟುವಾಗ ಅವಳಿಗೆ ಹೆದರಿಕೆ ಹಿಡಿಯಿತು. ‘ಎದೆ ಕೊಯ್ತ್ರು ಹೇಳಿ ಆತಲ್ಲ?’ ಎಂದಳು. ನಾನು ಗಡಿಯಾರ ನೋಡಿ ಪಟ್ಟಿ ಬಿಡಿಸಿದೆ.

‘ಕೊಯ್ಯೂದಿಲ್ಲ ಅಕ್ಕಾ. ಇಲ್ಲಿ, ಹೆಗಲ ಕೆಳಗೆ, ಎರಡು ಬೆರಳಿನಷ್ಟು ಗಾಯ’ ಎಂದಳು ಸವಿತಾ. ‘ಒಂದು ಸಣ್ಣ ಪೆಟ್ಟಿಗೆ ಇಡ್ತಾರೆ, ನಿಮ್ಮ ಕುಂಕುಮದ ಡಬ್ಬಿಯಷ್ಟು. ನಿಮ್ಮ ದೋಣಿಯ ಇಂಜಿನು ಚಲೋ ಇತ್ತು, ಅದಕ್ಕೆ ಹೊಡೀ ಹೇಳಿ ಹೇಳೂ ತಂತಿ ಮಾತ್ರ ಕಡಿದದ್ದು. ಆ ಪೆಟ್ಟಿಗೆ ಹೇಳ್ತದೆ.’

ಸರಳ ಮಾತಿನಲ್ಲಿ ವಿವರಿಸಿದರೇ? ಗುರುತು.

‘ನಿಮ್ಗೆ ಎಲ್ಲಕ್ಕಿಂತ ಹೆದರಿಕೆ ಎಂತದ್ದು?’

‘ಬುಟ್ಟಿ ಹೊರೂಕೆ ಆಗೂದಿಲ್ಲ ಅಂದ್ರೆ?’

‘ಒಂದೂವರೆ ತಿಂಗಳು ಆ ಕೈ ಮೇಲೆ ಎತ್ತೂದು ಬ್ಯಾಡ. ಆಮೇಲೆ ಹೊರಬಹುದು. ಅಷ್ಟು ದಿನ ನಿಮ್ಮ ಬುಟ್ಟಿ ಯಾರು ಹೊರ್ತ್ರು?’

ಚಿಂತೆ ಕೇಳಿದರೇ? ಮನೆಯ ಸ್ಥಿತಿ ಕೇಳಿದರೇ? ಗುರುತು, ಗುರುತು. ಆಂಬುಲೆನ್ಸ್ ಕುಣಿಯುತ್ತಿತ್ತು, ನನ್ನ ಗುರುತುಗಳು ಪಟ್ಟಿಯ ಅಂಚಿಗೆ ಹಾರುತ್ತಿದ್ದವು. ಅಷ್ಟರಲ್ಲಿ ಮಾದೇವಕ್ಕನ ಕಣ್ಣು ನನ್ನ ಕೈಯ ಮೇಲೆ ಬಿತ್ತು. ಆ ಹಾಳೆ ಅವಳಿಗೆ ಗೊತ್ತಿಲ್ಲವೇ? ಓದಲು ಬರದಿದ್ದರೂ ಹತ್ತೂ ಸಾಲು ಅವಳಿಗೆ ಬಾಯಿಪಾಠ. ಒಂದು ಕ್ಷಣ ನನ್ನನ್ನು ನೋಡಿದಳು, ಸವಿತಾಳನ್ನು ನೋಡಿದಳು. ಮೂಗಿಗೆ ಆಮ್ಲಜನಕದ ನಳಿಗೆ ಇದ್ದವಳು ಮೊಳಕೈ ಊರಿ ಏಳಲು ನೋಡಿದಳು.

‘ಮಗಾ! ಹೆಸ್ರು! ನೀ ಹೆಸ್ರು ಹೇಳ್ಲಿಲ್ಲ! ಮೊದ್ಲು ಹೆಸ್ರು ಹೇಳು, ಮಾರ್ಕು ಹೋಗ್ತದೆ!’

‘ಎಂತ ಹೆಸ್ರು ಅಕ್ಕಾ? ಮಲಕ್ಕಣಿ!’

‘ನಿನ್ ಹೆಸ್ರು! ಮಾಸ್ತರು ಮೂಲೆಲಿ ಕೂತು ಬರೀತಿದ್ರು, ಕಾಣೂದಿಲ್ವಾ ನಿಂಗೆ?’

ಸವಿತಾ ತಿರುಗಿ ನನ್ನನ್ನು ನೋಡಿದಳು. ನಾನು ಕಳ್ಳನಂತೆ ಪಟ್ಟಿಯನ್ನು ಮಡಿಲಲ್ಲಿ ಮುಚ್ಚಿದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು, ಆಮೇಲೆ ನಗು ಬಂತು. ಆ ನಗುವಿನಲ್ಲೇ ನಾಡಿಯ ಮೇಲಿನ ಬೆರಳು ತೆಗೆಯದೆ, ‘ನಾನು ಡಾಕ್ಟರ್ ಸವಿತಾ. ನಿಮ್ಮನ್ನು ಏನೆಂದು ಕರೆಯಲಿ?’ ಎಂದಳು.

‘ಏ ಮಾದೇವಿ ಹೇಳು’ ಎಂದಳು ಮಾದೇವಕ್ಕ, ಮತ್ತೆ ಮಲಗುತ್ತ. ‘ಮೀನು ಕೇಳ್ಬ್ಯಾಡ.’

ಮುಂದೆ ಡ್ರೈವರೂ ನಗುತ್ತಿದ್ದ. ಶಿರಾಲಿ ದಾಟಿ ತೆಂಗಿನಗುಂಡಿಗೆ ತಿರುಗುವ ಕಡೆ ಬಂದಾಗ ಸವಿತಾ ಕಿಟಕಿಯ ಕಡೆ ಒಮ್ಮೆ ನೋಡಿದಳು. ಮತ್ತೆ ಗಡಿಯಾರ ನೋಡಿ ನಾಡಿ ಎಣಿಸಿದಳು.

ಹತ್ತನೇ ಸಾಲು ರೋಗಿಯೇ ಕೊಡಬೇಕಾದ ಅಂಕ: ‘ಈ ಡಾಕ್ಟರ ಹತ್ತಿರ ಮತ್ತೆ ಹೋಗುತ್ತೀರಾ? ಹತ್ತಕ್ಕೆ ಎಷ್ಟು?’ ಕೂಡಿಸಿ ನೋಡಿದರೆ ಅಲುಗಾಡುವ ಗಾಡಿಯಲ್ಲಿ ಉಳಿದ ಸಾಲುಗಳಿಗೆ ಬಂದದ್ದು ಪಾಸಿಗೆ ಎಂಟು ಕಡಿಮೆ. ಎಲ್ಲ ಮಾದೇವಕ್ಕನ ಬಾಯಲ್ಲಿತ್ತು. ಮಂಗಳೂರಿನ ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಇಳಿಸುವಾಗ ನಾಚಿಕೆ ಬಿಟ್ಟು ಕೇಳಿದೆ. ಅವಳು ಚಕ್ರದ ಮಂಚದ ಮೇಲೆ ಹೋಗುತ್ತಲೇ ಕೈ ಆಡಿಸಿದಳು.

‘ಈಗ ಹೇಳೂದಿಲ್ಲ. ಬದುಕಿ ಬಂದ್ರೆ ಹೇಳ್ತೆ.’

ಸವಿತಾಳ ಫಲಿತಾಂಶ ಹಾಗೆ ಒಂದು ವಾರ ನಿಂತಿತು. ಆ ಕಡೆ ಹೊನ್ನಾವರದಲ್ಲಿ ಎರಡು ಗಂಟೆಯ ಪರೀಕ್ಷೆ ನಡೆದಿತ್ತು. ಈಶ್ವರ ನಾಯ್ಕ ಕುರ್ಚಿಯಲ್ಲಿ ಕೂತ ಕೂಡಲೇ ‘ನಂಗೆ ನಿಜಕ್ಕೂ ಎಂತದೂ ಇಲ್ಲ, ಗೊತ್ತಾಗ್ಲಿ’ ಎಂದು ಘೋಷಿಸಿದನಂತೆ. ನಾಲ್ವರು ಡಾಕ್ಟರರೂ ಅವನನ್ನು ನಂಬದೆ ಒಂದೊಂದು ಪೂರ್ತಿ ನಿಮಿಷ ನಾಡಿ ಎಣಿಸಿದರಂತೆ.

ಮಾದೇವಕ್ಕ ಬದುಕಿ ಬಂದಳು. ಹೆಗಲ ಕೆಳಗೆ ಕುಂಕುಮದ ಡಬ್ಬಿ ಕೂರಿಸಿಕೊಂಡು, ಎಡಗೈಯನ್ನು ರಾಜಮನೆತನದವರಂತೆ ಎದೆಗೆ ಒತ್ತಿಕೊಂಡು ನಮ್ಮ ಮಾಳಿಗೆಯ ಮೆಟ್ಟಿಲು ಹತ್ತಿದಳು. ಪ್ರೊಫೆಸರ್ ತಮ್ಮ ಪ್ರಯಾಣ ಮುಂದೆ ಹಾಕಿ ಕಾದಿದ್ದರು. ಸವಿತಾ ಗೋಡೆಗೆ ಒರಗಿ ನಿಂತಿದ್ದಳು, ಉಗುರು ಕಚ್ಚುತ್ತ. ಎರಡು ತಿಂಗಳ ತಲೆಸುತ್ತನ್ನು ಎರಡು ನಿಮಿಷದಲ್ಲಿ ಹಿಡಿದವಳು ಈಗ ಮೂರು ವರ್ಷದ ಮಗುವಿನ ಹಾಗೆ ಕಾಣುತ್ತಿದ್ದಳು. ನಾನು ಪಟ್ಟಿ ಹಿಡಿದೆ.

‘ಹತ್ತಕ್ಕೆ ಎಷ್ಟು ಮಾದೇವಕ್ಕ?’

ಅವಳು ಕೂತಳು. ನೀರು ಕುಡಿದಳು. ಎಲ್ಲರನ್ನೂ ಒಂದು ಸುತ್ತು ನೋಡಿದಳು.

‘ಒಂಬತ್ತು’ ಎಂದಳು. ‘ಹೆಸ್ರು ಹೇಳೂಕೆ ಮರ್ತಿತ್ತಲ.’

ಪಾಸಿಗಿಂತ ಒಂದು ಅಂಕ ಹೆಚ್ಚು! ಪ್ರೊಫೆಸರಿಗೆ ಭಾಷಾಂತರಿಸಬೇಕಾಗಲಿಲ್ಲ. ಅವರು ಆಗಲೇ ಸವಿತಾಳನ್ನು ತಬ್ಬಿಕೊಂಡಿದ್ದರು. ಆ ದಿನ ನಾನು ಅಳಲಿಲ್ಲ ಎಂದು ಹೇಳುತ್ತ ಬಂದಿದ್ದೇನೆ. ಸುಳ್ಳು ನಂಬರ್ ಮೂರು. ದಿನಚರಿಯಲ್ಲಿ ಆ ಪುಟದ ಶಾಯಿ ಕದಡಿದೆ, ಮತ್ತು ಆ ದಿನವೂ ಮಳೆಯಿರಲಿಲ್ಲ.

ಅಂದೇ ನಾನು ಮಾದೇವಕ್ಕನ ಸೆರಗಿನ ಗಂಟಿನಿಂದ ಉಪ್ಪು ಮೆಣಸು ಇಸಿದುಕೊಂಡು, ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, ಮೂರು ಸುತ್ತು ನಿವಾಳಿಸಿದೆ. ಎಡಗಡೆಯಿಂದ ಸುತ್ತಿದೆನಂತೆ, ತಪ್ಪಂತೆ, ಮತ್ತೆ ಮಾಡಿಸಿದಳು. ಎಂ.ಎಸ್.ಡಬ್ಲ್ಯು. ಪದವೀಧರ ನಾನು. ಉಪ್ಪಿನಿಂದ ಹೃದಯ ಸರಿಯಾಗುತ್ತದೆಂದು ನಂಬಿದವನಲ್ಲ. ಆದರೆ ಬಾಗಿಲಲ್ಲಿ ನಿಲ್ಲಿಸಿ ಮುಖವನ್ನು ಹತ್ತಿರದಿಂದ ನೋಡುವವರು ಒಬ್ಬರಿದ್ದಿದ್ದರೆ ಆ ಎರಡು ತಿಂಗಳು ಎರಡು ದಿನವಾಗುತ್ತಿತ್ತು. ಮುಂದೆ ನಾನು ನಿವೃತ್ತನಾಗುವವರೆಗೂ ಅವಳ ಸರದಿ ನನ್ನದು.

ಏಳನೇ ಸಾಲು ಈಗ ಪಟ್ಟಿಯಲ್ಲಿಲ್ಲ. ಅದರ ಜಾಗದಲ್ಲಿ ‘ಪೂರ್ತಿ ಒಂದು ನಿಮಿಷ ಎಣಿಸಿದರೇ?’ ಎಂದಿದೆ. ಪರೀಕ್ಷೆಗೆ ಹತ್ತು ನಿಮಿಷ ಆಗಿದೆ. ನಿಮಗೆ ಬೇರೆ ಉಪದೇಶ ನನ್ನಲ್ಲಿಲ್ಲ ಹುಡುಗಿಯರೇ. ‘ಬಹಳ ಸಹಜ’, ‘ಅದ್ಭುತ’ ಎಂದು ನಿಮ್ಮ ದಿನಚರಿಯಲ್ಲಿ ಬರೆಯುವ ಮೊದಲು ಆ ಮನುಷ್ಯನನ್ನು ಒಂದು ಮಾತು ಕೇಳಿ, ಅಷ್ಟೆ.

ಇದನ್ನು ಮುಗಿಸುವ ಹೊತ್ತಿಗೆ ಸವಿತಾಳ ಫೋನು ಬಂದಿತ್ತು. ಅವಳು ತೆಂಗಿನಗುಂಡಿಯ ದವಾಖಾನೆಯಲ್ಲಿದ್ದುಕೊಂಡೇ ತಿಂಗಳಿಗೊಮ್ಮೆ ಹೊನ್ನಾವರಕ್ಕೆ ಬಂದು ಹೊಸ ಡಾಕ್ಟರರಿಗೆ ಪಾಠ ಮಾಡುತ್ತಾಳೆ. ಒಬ್ಬ ರೋಗಿ ಕಡಿಮೆ ಬಿದ್ದಿದ್ದಾನೆ, ಬನ್ನಿ ಎಂದಳು. ನಿನ್ನೆ ಹೋದೆ. ಜೀವನದಲ್ಲಿ ಮೊದಲ ಸಲ ಆ ಕುರ್ಚಿಯಲ್ಲಿ ನಾನು. ಅಭ್ಯಾಸ ಮಾಡಿಸಿದ್ದು ಮಾದೇವಕ್ಕ. ‘ಎಂತ ಮಾಸ್ತರೇ ಇದು, ಹೊಟ್ಟೆನೋವು ಹೇಳಿ ನಗಾಡ್ತ್ರಲ!’ ಎಂದು ಬೈದಳು.

ಹೊಸ ಹುಡುಗ ಒಬ್ಬ ಬಂದು ಹೆಸರು ಹೇಳಿದ, ಅಪ್ಪಣೆ ಕೇಳಿದ, ಕೈ ಹಿಡಿದ. ನನಗೆ ಹಳೆಯ ಚಾಳಿ, ಬಾಯಿ ತಡೆಯಲಿಲ್ಲ. ‘ಎಪ್ಪತ್ತೆಂಟು ಇದೆ, ಬರೆದುಕೊಳ್ಳಿ’ ಎಂದೆ.

‘ಒಂದು ನಿಮಿಷ ಮಾತಾಡಬೇಡಿ ಅಜ್ಜಾ’ ಎಂದ ಅವನು, ಗೋಡೆ ಗಡಿಯಾರ ನೋಡುತ್ತ. ಮೂಲೆಯಲ್ಲಿ ಪಟ್ಟಿ ಹಿಡಿದು ಕೂತಿದ್ದ ಸವಿತಾ ತಲೆ ಎತ್ತಲಿಲ್ಲ, ಏನೋ ಗುರುತು ಹಾಕಿದಳು. ಫ್ಯಾನು ತಿರುಗುತ್ತಿತ್ತು. ನಗು ತಡೆದು ತಡೆದು ನನ್ನ ಹೊಟ್ಟೆ ನಿಜವಾಗಿಯೂ ನೋಯತೊಡಗಿತು.

‘ಎಂಬತ್ತಾರು’ ಎಂದ ಹುಡುಗ.